ಅತ್ತೆಯ ಮದುವೆಯ ಪ್ಲೇಟು

ನಮ್ಮ ಕಡೆ ಗ್ರಾಮಫೋನ್ ರೆಕಾರ್ಡಿಗೆ ಪ್ಲೇಟು ಅಂತಾರೆ. ನಿನ್ನೆ ಒಂದು ಹೇಳಿ ಇವತ್ತು ಇನ್ನೊಂದು ಹೇಳುವವನಿಗೂ 'ಪ್ಲೇಟ್ ಚೇಂಜ್ ಮಾಡಿದ' ಅಂತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಒಂದು ವಿಷಯದ ಪರ, ಮಧ್ಯಾಹ್ನ ಅದೇ ವಿಷಯದ ವಿರೋಧ ಮಾತಾಡಿ ಎರಡಕ್ಕೂ ಬಹುಮಾನ ಹೊತ್ತು ತಂದವಳು ನಾನು. ಹಾಗಾಗಿ ಈ ಮಾತು ನನಗೆ ಬೈಗುಳ ಅನ್ನಿಸಿದ್ದೇ ಇಲ್ಲ. ನಮ್ಮ ಮನೆಯಲ್ಲಿ ಆ ಮಾತು ನಿಜವಾಗಿ ಚುಚ್ಚುತ್ತಿದ್ದದ್ದು ದೊಡ್ಡಪ್ಪನನ್ನು. ಯಾಕೆಂದರೆ ಅವರ ಮೇಲಿದ್ದ ಆರೋಪ ಅಕ್ಷರಶಃ ಅದೇ.

ದೊಡ್ಡಪ್ಪ ಅಂದರೆ ನಮ್ಮಪ್ಪನ ಹಿರಿಯಣ್ಣ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಕಂಪ್ಲಿಯಲ್ಲಿ ಮೈಕ್‌ಸೆಟ್ ಇಟ್ಟಿದ್ದರು. ಮದುವೆಯಿರಲಿ, ತೊಟ್ಟಿಲಿರಲಿ, ಬೇವಿನ ಮರಕ್ಕೆ ಹಾರ್ನು ಕಟ್ಟಿ ತಗಡಿನ ಟ್ರಂಕಿನಿಂದ ಪ್ಲೇಟು ತೆಗೆದು ಹಾಕುವುದು ಅವರ ಕಸುಬು. ಅವರ ಸ್ವಂತ ತಂಗಿ, ಅಂದರೆ ನನ್ನ ಅತ್ತೆಯ ಮದುವೆಗೂ ಅವರದೇ ಮೈಕ್‌ಸೆಟ್. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಕೂಡಲೇ ಹಾಕಬೇಕು ಅಂತ ಹೊಸದೊಂದು ಸಣ್ಣ ಪ್ಲೇಟು ತರಿಸಿದ್ದರಂತೆ. ಒಂದು ಮಗ್ಗಲಿಗೆ ಹೆಣ್ಣುದನಿಯ ಮದುವೆ ಹಾಡು, ಇನ್ನೊಂದಕ್ಕೆ ಗಂಡುದನಿಯ ಅಗಲಿಕೆಯ ಹಾಡು. ಅಕ್ಕಿಕಾಳು ಬಿತ್ತು, ಪ್ಲೇಟು ತಿರುಗಿತು, ಹಾರ್ನಿನಿಂದ ಗಂಡಸೊಬ್ಬ ಅಳುವಂಥ ಹಾಡು ಚಪ್ಪರದ ತುಂಬ ಹರಡಿತು. ಪ್ಲೇಟು ಹಾಕಿ ಊಟದ ಸಾಲಿನ ಕಡೆ ಹೋಗಿದ್ದ ದೊಡ್ಡಪ್ಪ ಓಡಿಬಂದು ಮುಳ್ಳು ಎತ್ತುವಷ್ಟರಲ್ಲಿ ಅರ್ಧ ನಿಮಿಷ ಕಳೆದಿತ್ತು. ಅತ್ತೆಯ ಅತ್ತೆಗೆ ಅಷ್ಟು ಸಾಕಾಯಿತು. ಮುಂದೆ ಎಷ್ಟೋ ವರ್ಷ ಅತ್ತೆ ಸೇರಿದ ಯಶವಂತನಗರದ ಆ ಮನೆಯಲ್ಲಿ ಎಮ್ಮೆಗೆ ಹಾಲು ಬತ್ತಿದರೂ ಅದಕ್ಕೆ ಕಾರಣ ಆ ಹಾಡು.

ಈ ಘಟನೆಗೆ ಎರಡು ವಾದಗಳಿದ್ದವು. ದೊಡ್ಡಪ್ಪನದು: ಪ್ಲೇಟು ಮಾಡಿದವರೇ ಚೀಟಿಗಳನ್ನು ಅದಲುಬದಲು ಅಂಟಿಸಿದ್ದಾರೆ, ಮದುವೆ ಹಾಡು ಅಂತ ಬರೆದ ಮಗ್ಗಲಲ್ಲಿ ಅಳುವ ಹಾಡಿದೆ. ಅತ್ತೆಯದು: ಅಣ್ಣ ಬೇಕಂತಲೇ ಹಾಕಿದ. ಅವನಿಗೆ ಟಿ.ಬಿ. ಡ್ಯಾಂ ಆಫೀಸಿನ ಹುಡುಗನಿಗೆ ನನ್ನನ್ನು ಕೊಡುವ ಮನಸ್ಸಿತ್ತು, ನಾನು ಗಣಿ ಕೆಲಸದವನನ್ನು ಒಪ್ಪಿದ್ದು ಸೇರಲಿಲ್ಲ. ಮದುವೆಯ ದಿನವೇ ಅತ್ತೆ ಆ ಪ್ಲೇಟನ್ನು ಕಿತ್ತುಕೊಂಡು ಗಂಡನ ಮನೆಗೆ ಒಯ್ದಳು. ಎರಡು ವರ್ಷದೊಳಗೆ ದೊಡ್ಡಪ್ಪ ಪ್ಲೇಟಿನ ಟ್ರಂಕೊಂದನ್ನು ಉಳಿಸಿಕೊಂಡು ಮೈಕ್‌ಸೆಟ್ ಮಾರಿದರು. ಪ್ಲೇಟು ಇದ್ದವಳ ಹತ್ತಿರ ಮಷಿನ್ ಇಲ್ಲ, ಮಷಿನ್ ಇದ್ದವರ ಹತ್ತಿರ ಪ್ಲೇಟು ಇಲ್ಲ. ಇಷ್ಟು ಸುಲಭವಾಗಿ ಪರೀಕ್ಷಿಸಬಹುದಾದ ಜಗಳ ಹಾಗೆ ನಲವತ್ತು ವರ್ಷ ಬದುಕಿತು.

ಮಾತು ಬಿಟ್ಟಿರಲಿಲ್ಲ. ಹೋಗುವುದು ಬರುವುದು, ಸೀರೆ ಉಡಿಸುವುದು ಎಲ್ಲ ಇತ್ತು. ಆದರೆ ಅತ್ತೆಯ ಮೊಮ್ಮಗಳ ತೊಟ್ಟಿಲ ದಿನ ಯಾರೋ ಹಾಡು ಹಚ್ಚಿ ಅಂದರು. ದೊಡ್ಡಪ್ಪ ಪಕ್ಕದಲ್ಲಿದ್ದ ಫೋನು ಎತ್ತಿಕೊಂಡರು. ಅತ್ತೆ ಒಳಗಿನಿಂದಲೇ, "ಅಣ್ಣ, ನೀ ಮುಟ್ಟಬ್ಯಾಡಪ. ನಿನ್ನ ಕೈಗುಣ ನಂಗೊತ್ತೈತಿ" ಅಂದಳು. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು. ನಗುತ್ತಲೇ ಫೋನನ್ನು ಎತ್ತಿದ ಜಾಗದಲ್ಲೇ, ಎತ್ತಿದಂತೆಯೇ ಇಟ್ಟರು. ಎಪ್ಪತ್ತು ದಾಟಿದ ಮನುಷ್ಯ ಅಷ್ಟು ವಿಧೇಯವಾಗಿ ಒಂದು ವಸ್ತುವನ್ನು ಕೆಳಗಿಟ್ಟದ್ದನ್ನು ನಾನು ನೋಡಬಾರದಿತ್ತು.

ನೋಡಿದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಇದು ವಾದ ಮಾಡುವ ವಿಷಯವೇ ಅಲ್ಲ, ಪ್ಲೇಟು ಹಾಕಿ ಕೇಳಿದರೆ ಮುಗಿಯಿತು ಅಂತ ಎದ್ದು ನಿಂತೆ. ಮಷಿನ್ ಎಲ್ಲಿದೆ ಅಂತ ಅತ್ತೆ ಕೇಳಿದಳು. ನಾನೇ ಮಾಡುತ್ತೇನೆ ಅಂದೆ. ಕೊಂಡರೆ ಆಗದೇ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದರು. ತುಂಬಿದ ಮನೆಯಲ್ಲಿ 'ಮಾಡುತ್ತೇನೆ' ಅಂದಾಗಿತ್ತು, ಅಷ್ಟೇ.

ಮಾಡಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳ ಭಾನುವಾರಗಳನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಕೈಯಲ್ಲಿ ಎಣ್ಣೆಯ ವಾಸನೆ ಬಂದಂತಾಗುತ್ತದೆ. ತಿರುಗುವ ತಟ್ಟೆ ತಿರುಗುತ್ತದೆ, ಮುಳ್ಳು ಗೆರೆಯಲ್ಲಿ ಕೂರುತ್ತದೆ, ಇದರಲ್ಲೇನಿದೆ ಅಂದುಕೊಂಡಿದ್ದೆ. ಮೊದಲ ತಟ್ಟೆಯನ್ನು ಹೊಸಪೇಟೆಯ ಬಡಗಿಯೊಬ್ಬರು ಪ್ಲೈವುಡ್ಡಿನಲ್ಲಿ ಕೊಯ್ದು ಕೊಟ್ಟರು. ತಿರುಗಿಸಿದರೆ ಅದು ಹಪ್ಪಳದಂತೆ ಮೇಲೆ ಕೆಳಗೆ ಅಲೆಯುತ್ತಿತ್ತು. ಎರಡನೆಯದನ್ನು ಸಂಡೂರಿನ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನಲ್ಲಿ ಕಡೆಸಿದೆ. ಅದಿರು ಲಾರಿಗಳ ಸಾಮಾನು ರಿಪೇರಿ ಮಾಡುವ ಅಂಗಡಿ ಅದು. ನೆಲ, ಗೋಡೆ, ಚಹದ ಲೋಟ ಎಲ್ಲದರ ಮೇಲೂ ಕೆಂಪು ಧೂಳು. ನಾನು ಬರೆದೊಯ್ದ ತಟ್ಟೆಯ ಚಿತ್ರವನ್ನು ಮಿಸ್ತ್ರಿ ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಗಾಡಿಯದು ಅಂತ ಕೇಳಿದರು.

ತಟ್ಟೆಯ ನಡುವಿನ ದಂಡ ತಿರುಗಲು ನಾನು ಗಣಿಯ ಬೆಲ್ಟಿನ ರೋಲರಿನಿಂದ ತೆಗೆದ ಬಾಲ್ ಬೇರಿಂಗ್ ಕೊಂಡುಹೋಗಿದ್ದೆ. ಟನ್ನುಗಟ್ಟಲೆ ಅದಿರು ಹೊರುವಂಥದ್ದು ಒಂದು ಪ್ಲೇಟು ಹೊರಲಾರದೇ ಅನ್ನುವುದು ನನ್ನ ತರ್ಕ. ಮಿಸ್ತ್ರಿ ಅದನ್ನು ನನ್ನ ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಗರಗರ ಅಂದಿತು. ಹಾಡು ಕೇಳಬೇಕೋ ಇದನ್ನು ಕೇಳಬೇಕೋ ಅಂದರು. ಆಮೇಲೆ ತಾವೇ ದಂಡ ಕೂರುವಂಥ ಹಿತ್ತಾಳೆಯ ಕೊಳವೆ, ಬುಷ್ ಒಂದನ್ನು ಕಡೆದು, ಅದರ ತಳಕ್ಕೆ ಒಂದೇ ಒಂದು ಉಕ್ಕಿನ ಗುಂಡು ಹಾಕಿ, ಎರಡು ಹನಿ ಎಣ್ಣೆ ಬಿಟ್ಟು ದಂಡವನ್ನು ಇಳಿಸಿದರು. ದಂಡ ಗಾಳಿಯನ್ನು ಹೊರಗೆ ತಳ್ಳುತ್ತಾ ಮೆಲ್ಲಗೆ ಒಳಗೆ ಕೂತಿತು. ತಟ್ಟೆಯನ್ನು ಮೇಲಿಟ್ಟು ಒಮ್ಮೆ ತಳ್ಳಿದರು. ನಾವು ಚಹ ಕುಡಿದು ಲೋಟ ಇಟ್ಟರೂ ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ವಾದದಲ್ಲಿ ಸೋತು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಕೆಳಗಿನ ಪೀಠಕ್ಕೆ ಅಡುಗೆಮನೆ ಕಟ್ಟೆಗೆ ಹಾಸಿ ಉಳಿದ ಗ್ರಾನೈಟ್ ತುಂಡು. ಮುಳ್ಳು ಹೊರುವ ತೋಳಿಗೆ ನಮ್ಮ ಮಾಳಿಗೆಯ ಮೇಲೆ ಬಾಗಿ ನಿಂತಿದ್ದ ಹಳೇ ಟಿ.ವಿ. ಆಂಟೆನಾದ ಕೊಳವೆ. ಹಿಂದಿನ ತೂಕಕ್ಕೆ ಸೈಕಲ್ ನಟ್ಟುಗಳು. ಮೋಟಾರು ಕೆಟ್ಟ ಟೇಪ್‌ರೆಕಾರ್ಡರಿನದು. ದನಿಗೆ ಮನೆಯದೇ ಹಳೇ ಸ್ಪೀಕರು. ಮುಳ್ಳೊಂದನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸಿದೆ. ಇದೆಲ್ಲವನ್ನೂ ಜೋಡಿಸಿ ಚೀಲದಲ್ಲಿ ಹಾಕಿಕೊಂಡು, ದೊಡ್ಡಪ್ಪನಿಗೆ ತೋರಿಸಲು ಕಂಪ್ಲಿ ಬಸ್ಸು ಹತ್ತಿದೆ. ಗ್ರಾನೈಟ್ ತೊಡೆಯ ಮೇಲಿತ್ತು. ಕಮಲಾಪುರದಲ್ಲಿ ಹಂಪಿಯ ಜನ ಹತ್ತಿದಾಗ ಪಕ್ಕ ಕೂತ ಹೆಂಗಸು ಅದನ್ನು ಮುಟ್ಟಿ ನೋಡಿ, ಹಂಪಿಯಿಂದ ಕಲ್ಲು ಒಯ್ಯಬಾರದವ್ವ, ಹಿಡೀತಾರ ಅಂದಳು. ಬಾಳೆತೋಟ ಮುಗಿಯುವವರೆಗೂ ಇದು ಅಡುಗೆಮನೆಯ ಕಲ್ಲು ಅಂತ ಅವಳನ್ನು ನಂಬಿಸಲು ನನ್ನ ಬಹುಮಾನಗಳೆಲ್ಲ ಸೇರಿದರೂ ಆಗಲಿಲ್ಲ.

ದೊಡ್ಡಪ್ಪನಿಗೆ ಈ ಕೆಲಸ ಬೇಡವಾಗಿತ್ತು. ಹೋದ ಮಾತು ಬಿಡವಾ ಅಂತ ಎರಡು ಸಲ ಹೇಳಿದ್ದರು. ತನ್ನ ವಾದ ಗೆಲ್ಲುವ ಅವಕಾಶ ಬಂದಾಗ ಹಿಂದೆ ಸರಿಯುವವನು ಯಾರು? ನಾನು ಒಳಗೊಳಗೇ ಅದನ್ನು ಅವರ ವಿರುದ್ಧ ಬರೆದುಕೊಂಡೆ. ಆದರೆ ಮಷಿನ್ನು ಅವರ ಕಟ್ಟೆಯ ಮೇಲೆ ಕೂತಮೇಲೆ ಅವರ ಕೈ ಸುಮ್ಮನಿರಲಿಲ್ಲ. ತೋಳಿನ ತೂಕವನ್ನು ಬೆರಳಿನ ಮೇಲೆ ತೂಗಿ, ಭಾಳ ಒತ್ತತೈತಿ, ಪ್ಲೇಟನ್ನ ಹೊಲದಂಗ ಉಳ್ತಿಯೇನು ಅಂದರು. ಒಂದು ನಟ್ಟು ಹಿಂದೆ ಸರಿಸಿದರು. ತಟ್ಟೆಯ ಅಂಚಿಗೆ ಬಿಳಿ ಟೇಪಿನ ಚೂರು ಅಂಟಿಸಿ, ಗಡಿಯಾರ ನೋಡಿಕೊಂಡು ಸುತ್ತು ಎಣಿಸಲು ಕಲಿಸಿದರು. ಸಣ್ಣ ಪ್ಲೇಟಿಗೆ ನಿಮಿಷಕ್ಕೆ ನಲವತ್ತೈದು ಸುತ್ತು, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಮೋಟಾರಿನ ಬೆನ್ನಲ್ಲಿದ್ದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವಿ ಅಲ್ಲಿಗೆ ತಂದು ನಿಲ್ಲಿಸಿದವರು ಅವರೇ.

ಆ ಸಂಜೆಗಳಲ್ಲಿ ಮಾತು ತಾನಾಗಿ ಬರುತ್ತಿತ್ತು. ಸೈಕಲ್ಲಿನ ಹಿಂದೆ ಬ್ಯಾಟರಿ, ಮುಂದೆ ಹಾರ್ನು ಕಟ್ಟಿಕೊಂಡು ಹೊಳೆ ದಾಟಿ ಹೋಗುತ್ತಿದ್ದದ್ದು, ಯಾವ ಊರಿನ ಗೌಡರಿಗೆ ಯಾವ ಹಾಡು ಎರಡು ಸಲ ಬೇಕು ಅನ್ನುವುದು, ಮೈಕು ಕೈಗೆ ಸಿಕ್ಕರೆ ಬಿಡದ ಬೀಗರು. ಟ್ರಂಕಿನ ಪ್ಲೇಟುಗಳನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದೊಂದಾಗಿ ಹಾಕಿದೆವು. ಎಷ್ಟೋ ಪ್ಲೇಟುಗಳ ಮೊದಲ ಸಾಲುಗಳು ಸವೆದು ಬೆಳ್ಳಗಾಗಿದ್ದವು. ಜನರಿಗೆ ಬೇಕಾದ್ದು ಪಲ್ಲವಿ ಮಾತ್ರ, ಚರಣದ ಹೊತ್ತಿಗೆ ಊಟದ ಕರೆ ಬರುತ್ತಿತ್ತು ಅಂದರು. ಅತ್ತೆಯ ಮದುವೆಯ ಮಾತು ತೆಗೆದಾಗ ಮಾತ್ರ ಎದ್ದು ದನಕ್ಕೆ ನೀರಿಡಲು ಹೋಗುತ್ತಿದ್ದರು.

ಪರೀಕ್ಷೆಯ ದಿನ ಹೊಸಪೇಟೆಯ ನಮ್ಮ ಮನೆಯಲ್ಲಿ ಸೇರಬೇಕು ಅಂತಾಯಿತು. ದೊಡ್ಡಪ್ಪ ಬೆಳಿಗ್ಗೆಯೇ ಟ್ರಂಕಿನ ಸಮೇತ ಬಂದರು. ಮನೆಯ ಕರೆಂಟಿಗೆ ಮೋಟಾರು ಜೋಡಿಸಿದರೆ ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು ಸೇರುತ್ತಿತ್ತು. ಅದಕ್ಕೇ ನಾನು ಸ್ಪೀಕರನ್ನು ಕರೆಂಟಿಗೇ ಬಿಟ್ಟು ಮೋಟಾರಿಗೆ ಮಾತ್ರ ಸ್ಕೂಟರಿನ ಹಳೇ ಬ್ಯಾಟರಿ ಕೊಟ್ಟಿದ್ದೆ. ಅತ್ತೆ ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಅಪ್ಪನಿಗೆ, ಪಕ್ಕದ ಮನೆಯವರಿಗೆ, ಹಾಲಿನವರಿಗೆ ಕೂಡ ಕೂರಿಸಿ ಪ್ಲೇಟು ಕೇಳಿಸಿದೆ. ನನ್ನ ಮಷಿನ್ನು ನನಗೆ ಅಷ್ಟು ಚಂದ ಕಾಣುತ್ತಿತ್ತು.

ಅತ್ತೆ ಬಂದು, ಚೀಲದಲ್ಲಿದ್ದ ಸೀರೆಯ ಮಡಿಕೆಯಿಂದ ಪ್ಲೇಟು ತೆಗೆದಳು. ಒಂದು ಗೀರಿಲ್ಲ. ಮದುವೆ ಹಾಡು ಅಂತ ಚೀಟಿಯಿದ್ದ ಮಗ್ಗಲನ್ನು ಮೇಲೆ ಮಾಡಿ ಇಟ್ಟೆ. ಈ ಮಗ್ಗಲಲ್ಲಿ ಅಳುವ ಹಾಡು ಬಂದರೆ ದೊಡ್ಡಪ್ಪನ ಮಾತು ನಿಜ, ಮದುವೆ ಹಾಡು ಬಂದರೆ ಅತ್ತೆಯ ಮಾತು ನಿಜ, ಮೂರನೆಯದಿಲ್ಲ ಅಂತ ಭಾಷಣ ಮಾಡಿ ಮುಳ್ಳು ಇಳಿಸಿದೆ.

ಗಂಡಸೊಬ್ಬ ಅಳತೊಡಗಿದ. ಭಾರವಾದ, ಎಳೆದಾಡುವ ದನಿ. ಹಿಂದೆ ವಾದ್ಯಗಳು ಕೂಡ ನರಳುತ್ತಿದ್ದವು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. "ಇದೇ. ಅವತ್ತು ಬಂದದ್ದು ಇದೇ."

ಹಾಗಾದರೆ ಚೀಟಿ ತಪ್ಪು, ದೊಡ್ಡಪ್ಪ ಗೆದ್ದರು ಅಂತ ನಾನು ಸಾರಿಯೇ ಬಿಟ್ಟೆ. ಅತ್ತೆ ಅಣ್ಣನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಗೆದ್ದವರ ಮುಖ ನೋಡೋಣ ಅಂತ ನಾನೂ ತಿರುಗಿದೆ. ಅವರು ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ತಟ್ಟೆಯ ಅಂಚಿನ ಬಿಳಿ ಟೇಪನ್ನು ನೋಡುತ್ತಿದ್ದರು. ನಾನೂ ನೋಡಿದೆ. ಅದು ಬರಬೇಕಾದಷ್ಟು ಬೇಗ ಬರುತ್ತಿರಲಿಲ್ಲ. ಫೋನು ತೆಗೆದು ಎಣಿಸಿದೆ. ನಿಮಿಷಕ್ಕೆ ಮೂವತ್ತೆರಡು ಸುತ್ತು. ಬೆಳಗಿನಿಂದ ಊರಿಗೆಲ್ಲ ಕೇಳಿಸಿ ನಾನು ಬ್ಯಾಟರಿ ಮುಗಿಸಿದ್ದೆ. ಈಗ ಕಿವಿಗೊಟ್ಟರೆ ಮಾತುಗಳೂ ತಿಳಿಯತೊಡಗಿದವು. ಅದು ಅರಿಶಿನದ ಹಾಡು, ಬಾಸಿಂಗದ ಹಾಡು. ಹಾಡುತ್ತಿದ್ದದ್ದು ಹೆಣ್ಣೇ. ನಿಧಾನಕ್ಕೆ ತಿರುಗಿ ಅವಳ ದನಿ ಗಂಡಾಗಿತ್ತು, ಸಂಭ್ರಮ ಅಳುವಾಗಿತ್ತು.

ಚೀಟಿ ಸರಿಯಾಗಿತ್ತು. ಮಗ್ಗಲೂ ಸರಿಯಾಗಿತ್ತು. ಯಾರೂ ಬೇಕಂತ ಏನನ್ನೂ ಹಾಕಿರಲಿಲ್ಲ. ನಾನು ಇಲ್ಲವೆಂದು ಸಾರಿದ್ದ ಮೂರನೆಯದು ನನ್ನ ಕೈಯಿಂದಲೇ ಮಾಡಿದ ಮಷಿನ್ನಿನ ಮೇಲೆ ಸುತ್ತುತ್ತಿತ್ತು. ಮುಳ್ಳು ಎತ್ತಿ ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. ಅವತ್ತೂ ಬ್ಯಾಟರಿ ಇಳಿದಿರಬೇಕು, ಅಷ್ಟೇ, ಪಾಪ ದೊಡ್ಡಪ್ಪನಿಗೂ ಗೊತ್ತಾಗಿಲ್ಲ ಅಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಎಲ್ಲರಿಗೂ ಅನುಕೂಲವಾದ ಮುಕ್ತಾಯ ಅದು. ಆದರೆ ಹೇಳುತ್ತಿದ್ದಂತೆಯೇ ನನ್ನ ವಾದದ ತೂತು ನನಗೇ ಕಂಡಿತು. ಬಿಳಿ ಟೇಪು ಅಂಟಿಸಿ ಸುತ್ತು ಎಣಿಸಲು ಕಲಿಸಿದವರು ಯಾರು?

"ದೊಡ್ಡಪ್ಪ, ಅಷ್ಟು ವರ್ಷ ಪ್ಲೇಟು ಹಾಕಿದೋರು ನೀವು. ಓಡಿಬಂದು ಮುಳ್ಳು ಎತ್ತುವಾಗ ಪ್ಲೇಟು ನಿಧಾನ ತಿರುಗೋದು ಕಾಣಲಿಲ್ಲೇನು?"

ಅವರು ಟ್ರಂಕಿನ ಕೊಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದರು. "ಓಡಿ ಬರೋತನಕ ಯಾಕ? ಊಟದ ಸಾಲಿನಾಗ ನಿಂತಾಗ್ಲೇ ಕಿವಿಗೆ ಗೊತ್ತಾಗಿತ್ತು."

ಆಮೇಲೆ ನೆಲ ನೋಡಿಕೊಂಡೇ ಹೇಳಿದರು. ಆ ದಿನ ಎರಡು ಮದುವೆ ಒಪ್ಪಿಕೊಂಡಿದ್ದರು. ಇನ್ನೊಂದು ಗಂಗಾವತಿಯಲ್ಲಿ, ದೊಡ್ಡ ಮನೆತನದ್ದು. ಪ್ಲೇಟಿನ ಮಷಿನ್ನು ಎರಡಿದ್ದರೂ ಅವಕ್ಕೆ ಬೇಕಾದ ಒಳ್ಳೇ ಬ್ಯಾಟರಿ ಇದ್ದದ್ದು ಒಂದೇ. ಅದನ್ನು ಅಲ್ಲಿಗೆ ಕಳಿಸಿದರು.

"ಹೊರಗಿನವ್ರ ಮದುವಿ, ನಡುವ ನಿಂತ್ರ ಹೆಸರು ಕೆಡ್ತೈತಿ ಅಂತ ಅಂದ್ಕೊಂಡೆ. ನಮ್ಮನೀದು ಹೆಂಗೂ ನಡೀತೈತಿ ಬಿಡು ಅಂತ ಹಳೇದು ಹಚ್ಚಿದೆ."

ಹಿತ್ತಲಲ್ಲಿ ಅಪ್ಪ ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು.

"ನಿನಗ ನನ್ನ ಮದುವಿ ಸೇರಿರಲಿಲ್ಲ ಅಂತ ಹಾಕಿದಿ ಅಂದ್ಕೊಂಡಿದ್ದೆ ನಾನು" ಅಂದಳು ಅತ್ತೆ.

"ಸೇರಿರಲಿಲ್ಲ, ಖರೇ. ಆದ್ರ ಪ್ಲೇಟು ಸರಿಯಾಗೇ ಹಾಕಿದ್ದೆ."

"ಮತ್ತ ಹೇಳಾಕೇನಾಗಿತ್ತು? ಚೀಟಿ ಅಂತ, ಕಂಪನಿ ಅಂತ. ಇಷ್ಟು ವರ್ಷ ನನ್ನ ಬಾಯಾಗ ಬಿದ್ದಿ."

ದೊಡ್ಡಪ್ಪ ಮೊದಲ ಸಲ ತಲೆಯೆತ್ತಿದರು. "ಬೇಕಂತ ಹಾಕಿದ ಅಂತ ನೀ ಬೈಕೊಂತ ಇದ್ದಿ. ಬೈದ್ರ ಬೈಲಿ ಅಂದೆ. ತಂಗಿ ಮದುವಿಗೆ ಹಳೇ ಬ್ಯಾಟ್ರಿ ಹಚ್ಚಿದ ಅಂತ ಗೊತ್ತಾಗಿದ್ರ ನೀ ಅಳತಿದ್ದಿ."

ಚರ್ಚೆಯಲ್ಲಿ ಎದುರಾಳಿ ಸುಳ್ಳು ಹೇಳಿದ್ದು ಸಿಕ್ಕಿಬಿದ್ದರೆ ಗೆದ್ದೆವು ಅಂತ ಕಲಿಸಿದ್ದರು. ಸಿಕ್ಕಿಬಿದ್ದ ಸುಳ್ಳು ಹೀಗಿದ್ದರೆ ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿರಲಿಲ್ಲ. ಅತ್ತೆ ಅಳುತ್ತಾಳೆ ಅಂದುಕೊಂಡೆ, ಅಥವಾ ಎದ್ದು ಹೋಗುತ್ತಾಳೆ. ಅವಳು ಅದೇನನ್ನೂ ಮಾಡದೆ ತಟ್ಟೆಯ ಮೇಲೆ ನಿಂತಿದ್ದ ಪ್ಲೇಟನ್ನು ನೋಡಿದಳು. ಆಮೇಲೆ ಅವಳಿಗೆ ಸಿಟ್ಟು ಬಂತು. ಬಂದದ್ದು ಬೇರೆಯದೇ ಕಾರಣಕ್ಕೆ.

"ಹಂಗಾದ್ರ ನನ್ನ ಮದುವಿ ಹಾಡು ನಾನು ಇನ್ನೂ ಕೇಳೇ ಇಲ್ಲ" ಅಂದಳು. "ಹಾಕು."

ಬ್ಯಾಟರಿ ಚಾರ್ಜ್ ಆಗಲು ನಾಲ್ಕು ತಾಸು ಬೇಕು ಅಂತ ನಾನು ವಿವರಿಸತೊಡಗಿದೆ. ಅಷ್ಟರಲ್ಲಿ ದೊಡ್ಡಪ್ಪ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಮಷಿನ್ನಿನ ಮುಂದೆ ಕೂತಿದ್ದರು. ಬೆಲ್ಟು ತೆಗಿ ಅಂದರು. ಮೋಟಾರಿನಿಂದ ತಟ್ಟೆಗೆ ಹಾಕಿದ್ದ ರಬ್ಬರನ್ನು ಬಿಚ್ಚಿದೆ. ಅವರು ತೋರುಬೆರಳನ್ನು ತಟ್ಟೆಯ ಅಂಚಿಗಿಟ್ಟು ತಳ್ಳಿದರು. ಇನ್ನೊಮ್ಮೆ ತಳ್ಳಿದರು. ಮುಳ್ಳು ಬಿಡು ಅಂತ ಕಣ್ಣಲ್ಲೇ ಹೇಳಿದರು.

ಮೊದಲು ದನಿ ತೂರಾಡಿತು, ಒಮ್ಮೆ ಮಗುವಿನದಾಯಿತು, ಒಮ್ಮೆ ಕುಸಿಯಿತು. ಜಲ್ದಿ ಆತು ನೋಡು ಅಂತ ಅತ್ತೆ ಅಂದಳು. ಗೊತ್ತೈತಿ, ಸುಮ್ಮಕುಂದ್ರು ಅಂದರು ದೊಡ್ಡಪ್ಪ. ಕಣ್ಣು ಮುಚ್ಚಿ, ಸುತ್ತಿಗೊಮ್ಮೆ ಬೆರಳು ಮುಟ್ಟಿಸುತ್ತಾ ಬಿಡುತ್ತಾ, ಕಿವಿಯಿಂದಲೇ ಅದನ್ನು ಹತೋಟಿಗೆ ತಂದರು. ಎರಡನೆಯ ಸಾಲಿಗೆ ಹೆಣ್ಣುದನಿ ತನ್ನ ಜಾಗದಲ್ಲಿ ನಿಂತಿತು. ಎಳೆಯ, ನಗು ತಡೆದುಕೊಂಡು ಹಾಡಿದಂಥ ದನಿ. ಅತ್ತೆ ಅಲ್ಲಾಡಲಿಲ್ಲ. ಪಲ್ಲವಿ ದಾಟಿತು. ಊಟದ ಕರೆ ಬಾರದ್ದರಿಂದ ಚರಣವೂ ಬಂತು.

ಎರಡನೆಯ ಚರಣದ ಹೊತ್ತಿಗೆ ಅವರ ಬೆರಳು ಸೋತಿತು. ದನಿ ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು. ನಾನು ಕೈ ಚಾಚುವ ಮೊದಲೇ ಅತ್ತೆ ನೆಲದ ಮೇಲೆ ಸರಿದು ಬಂದು ತಟ್ಟೆಯ ಈಚೆಯ ಅಂಚಿಗೆ ಬೆರಳಿಟ್ಟಳು. ಜೋರಾಗಿ ತಳ್ಳಿಬಿಟ್ಟಳು. ಹಾಡು ಕೀಚಲಾಗಿ ಮೇಲೆ ಹಾರಿತು.

"ಹಗೂರ, ಯವ್ವಾ" ಅಂದರು ದೊಡ್ಡಪ್ಪ. "ಹಗೂರ."